ಸಾಲಪತ್ರದ ಭಾಷೆ ಮತ್ತು ಕೃತಕ ಬುದ್ಧಿಮತ್ತೆ

'ಪತ್ತಿನ ಸಹಕಾರ ಸಂಘ' ಎಂಬ ಫಲಕವನ್ನು ಕರ್ನಾಟಕದ ಊರುಗಳಲ್ಲಿ ನೀವು ಓದಿರುತ್ತೀರಿ. ಇಲ್ಲಿ ಪತ್ತು ಎಂದರೆ ಸಾಲ. ಸಾಲ ಹುಟ್ಟುವ ಯೋಗ್ಯತೆಯೂ ಹೌದು. ಮರಾಠಿ, ಕನ್ನಡ ಎರಡರಲ್ಲೂ ಶಾಲೆ ಕಲಿತ ನನಗೆ ಇದರೊಡನೆ ಮರಾಠಿಯ 'ಪತ' ನೆನಪಾಗುತ್ತದೆ. ಆ ಪದಕ್ಕೆ ಸಾಲದ ಯೋಗ್ಯತೆ ಎಂಬ ಅರ್ಥದ ಜೊತೆಗೆ ಮರ್ಯಾದೆ, ನಂಬಿಕೆ ಎಂಬ ಅರ್ಥಗಳೂ ಇವೆ. ಸಣ್ಣ ಉದ್ದಿಮೆದಾರನ ಪತ್ತನ್ನು ಯಾರು, ಯಾವ ಭಾಷೆಯಲ್ಲಿ ಅಳೆಯುತ್ತಾರೆ ಎಂಬುದು ನಮ್ಮ ಹೊಸೂರು, ಕೃಷ್ಣಗಿರಿ ಭಾಗದಲ್ಲಿ ಈಗ ಮುಖ್ಯವಾದ ಪ್ರಶ್ನೆ.

ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಮೊದಲಾದ ದೊಡ್ಡ ಕಾರ್ಖಾನೆಗಳಿರುವ ಹೊಸೂರಿನಲ್ಲಿ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳೂ ಅನೇಕ. ಇಂತಹ ಘಟಕವು ಉಕ್ಕನ್ನು ಮುಂಚಿತವಾಗಿ ಕೊಳ್ಳಬೇಕು, ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಮಾಲಿನ ಹಣ ಬರುವುದು ಮಾತ್ರ ತಡವಾಗಿ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆ ವಿಧಿಸಿದೆ. ಆದರೆ ಕೊಳ್ಳುವವರನ್ನು ಎದುರು ಹಾಕಿಕೊಂಡು ಕಾಯಿದೆಯ ಮೊರೆಹೋಗುವುದು ಸಣ್ಣವರಿಗೆ ಸುಲಭವಲ್ಲ. ಆದುದರಿಂದ ಆ ನಡುವಿನ ದಿನಗಳನ್ನು ಸಾಲವೇ ತುಂಬಬೇಕಾಗುತ್ತದೆ.

ಬ್ಯಾಂಕಿನ ಹೊರಗೆ ಸಾಲ ಹುಟ್ಟುವುದು ಈ ನಾಡಿಗೆ ಹೊಸತಲ್ಲ. 1954ರಲ್ಲಿ ಮದರಾಸಿನಲ್ಲಿ ಆರಂಭವಾದ ಸುಂದರಂ ಫೈನಾನ್ಸ್, ಲಾರಿ ಕೊಳ್ಳುವವರಿಗೆ ಸಾಲ ಕೊಟ್ಟು ಬೆಳೆದ ಸಂಸ್ಥೆ. ಈಗ ಖಾಸಗಿ ಸಾಲನಿಧಿಗಳು ಬಂದಿವೆ. ಸೆಬಿಯ 2012ರ ನಿಯಮಗಳಡಿ ನಡೆಯುವ ಇವುಗಳಲ್ಲಿ ಸಾಮಾನ್ಯವಾಗಿ ಒಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ರೂಪಾಯಿ ತೊಡಗಿಸಬೇಕು. ಇವು ಹೆಚ್ಚಾಗಿ ಮಧ್ಯಮ ಗಾತ್ರದ ಕಂಪನಿಗಳಿಗೆ ಸಾಲ ಕೊಡುತ್ತವೆ. ಲೇತ್ ಯಂತ್ರವಿಟ್ಟುಕೊಂಡು ದುಡಿಯುವವನನ್ನು ತಲುಪುವುದು ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಸಾಲ. ಮತ್ತೊಂದು ದಾರಿ, 2017ರಿಂದ ನಡೆಯುತ್ತಿರುವ 'ಟ್ರೆಡ್ಸ್' ವ್ಯವಸ್ಥೆ. ಕೊಳ್ಳುವ ಕಂಪನಿ ಒಪ್ಪಿದ ಬಿಲ್ಲನ್ನು ಅಲ್ಲಿ ಹಣಕಾಸು ಸಂಸ್ಥೆಗಳು ಪೈಪೋಟಿಯಿಂದ ಕೊಳ್ಳುತ್ತವೆ. ಉದಾಹರಣೆಗೆ, 90 ದಿನಗಳ ನಂತರ ಬರಬೇಕಾದ 10 ಲಕ್ಷ ರೂಪಾಯಿಯ ಬಿಲ್ಲಿಗೆ ವಾರ್ಷಿಕ ಶೇ. 12ರ ದರವೆಂದುಕೊಳ್ಳಿ, ಸುಮಾರು 29,600 ರೂಪಾಯಿ ಕಳೆದು ಉಳಿದ ಹಣ ಈಗಲೇ ಕೈಸೇರುತ್ತದೆ. ಕಂಪನಿ ಮುಂದೆ ಹಣ ಕೊಡದಿದ್ದರೂ ಆ ನಷ್ಟವನ್ನು ಮಾರಿದವನಿಂದ ವಸೂಲು ಮಾಡುವಂತಿಲ್ಲ.

ಈ ವ್ಯವಹಾರಗಳಲ್ಲಿ ಕೃತಕ ಬುದ್ಧಿಮತ್ತೆಯ ಕೆಲಸವೇನು? ಹಿಂದೆ ಅಧಿಕಾರಿಯೊಬ್ಬ ಘಟಕಕ್ಕೆ ಬಂದು, ಯಂತ್ರ ನೋಡಿ, ಲೆಕ್ಕದ ಪುಸ್ತಕ ತಿರುವಿ ತೀರ್ಮಾನಿಸುತ್ತಿದ್ದ. 2021ರಲ್ಲಿ ಬಳಕೆಗೆ ಬಂದ 'ಅಕೌಂಟ್ ಅಗ್ರಿಗೇಟರ್' ವ್ಯವಸ್ಥೆಯಲ್ಲಿ, ಸಾಲ ಕೇಳುವವನ ಸಮ್ಮತಿಯೊಂದಿಗೆ, ಬ್ಯಾಂಕ್ ಖಾತೆಯ ವಿವರಗಳು ನೇರವಾಗಿ ಸಾಲ ಕೊಡುವವರಿಗೆ ಹೋಗುತ್ತವೆ. ಇವನ್ನೂ ಜಿಎಸ್‌ಟಿ ಲೆಕ್ಕಗಳನ್ನೂ ಗಣಕಯಂತ್ರ ಕ್ಷಣಮಾತ್ರದಲ್ಲಿ ಹೋಲಿಸಿ ನೋಡುತ್ತದೆ. ಕರಾರುಪತ್ರದ ಕರಡನ್ನೂ ಸಿದ್ಧಪಡಿಸುತ್ತದೆ. ಪರಿಶೀಲನೆಯ ಖರ್ಚು ಇಳಿದಾಗ, ಮೊದಲು ಯಾರೂ ಲೆಕ್ಕಿಸದಿದ್ದ ಸಣ್ಣ ಮೊತ್ತದ ಸಾಲವನ್ನೂ ಕೊಡಲು ಸಾಧ್ಯವಾಗುತ್ತದೆ. ಇದು ನಿಜವಾದ ಲಾಭ.

ಆದರೆ ಯಂತ್ರವು ಓದಬಲ್ಲದ್ದನ್ನು ಮಾತ್ರ ನಂಬುತ್ತದೆ. ಕೈಬರಹದ ಖಾತೆಪುಸ್ತಕ, ನಗದು ವ್ಯವಹಾರ, ಊರಿನವರ ಬಾಯಿಮಾತಿನ ಭರವಸೆ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಗಡಿನಾಡಿನಲ್ಲಿ ಇನ್ನೂ ಒಂದು ತೊಡಕಿದೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಕನ್ನಡದ 'ಬಸಪ್ಪ' ಎಂಬ ಹೆಸರು ತಮಿಳು ದಾಖಲೆಯ ಮೂಲಕ ಇಂಗ್ಲಿಷಿಗೆ ಹೋಗುವಾಗ 'ಪಸಪ್ಪ' ಆಗಬಹುದು. ನೆರೆಮನೆಯವನಿಗೆ ಇಬ್ಬರೂ ಒಬ್ಬನೇ. ಅಕ್ಷರಗಳನ್ನು ಹೋಲಿಸುವ ಯಂತ್ರಕ್ಕೆ ಇಬ್ಬರು. ಲಿಪಿಯ ಗುಣವೊಂದು ಹೀಗೆ ಮನುಷ್ಯನ ಪತ್ತಿಗೆ ಕುಂದು ತರಬಲ್ಲದು.

ಆದುದರಿಂದ ಎರಡು ನಿಯಮಗಳನ್ನು ನೀವು ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಏಪ್ರಿಲ್ 2024ರ ಸುತ್ತೋಲೆಯಂತೆ, ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿಸಾಲಗಳಿಗೂ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ಅವನಿಗೆ ವಿವರಿಸಿ, ತಿಳಿಯಿತೆಂಬ ಒಪ್ಪಿಗೆಯನ್ನೂ ಪಡೆಯಬೇಕು. ಬಡ್ಡಿ, ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ಕಾಣಬೇಕು. ಎರಡನೆಯದು ಕಟ್ಟಳೆಯಲ್ಲ, ಶಿಫಾರಸು: ಹಣಕಾಸು ಕ್ಷೇತ್ರದ ಕೃತಕ ಬುದ್ಧಿಮತ್ತೆಯನ್ನು ಕುರಿತು ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಮಿತಿ 2025ರಲ್ಲಿ ಏಳು ಸೂತ್ರಗಳನ್ನು ಮುಂದಿಟ್ಟಿತು. ನಂಬಿಕೆ ಅವುಗಳಲ್ಲಿ ಮೊದಲನೆಯದು. ಯಂತ್ರದ ತೀರ್ಮಾನ ಅರ್ಥವಾಗುವಂತಿರಬೇಕೆಂಬುದೂ ಒಂದು.

ಶಾಸನಗಳನ್ನು ಓದುವ ನಿಮಗೆ ಈ ಮಾತು ಅಪರಿಚಿತವಲ್ಲ. ನಂದಾದೀಪಕ್ಕೆಂದು ಗದ್ಯಾಣಗಳನ್ನು ವರ್ತಕರಲ್ಲಿ ಬಡ್ಡಿಗಿಟ್ಟ ಕರಾರುಗಳನ್ನು ನಮ್ಮ ಹಿರಿಯರು ಕಲ್ಲಿನ ಮೇಲೆ ಕನ್ನಡದಲ್ಲಿ ಕೊರೆಸಿದರು. ಮೊತ್ತವೆಷ್ಟು, ಬಡ್ಡಿ ಏನು, ಹೊಣೆ ಯಾರದು ಎಂಬುದು ಊರ ನಡುವೆ ನಿಂತಿರುತ್ತಿತ್ತು. ಇಂದಿನ ಸಾಲಪತ್ರಕ್ಕೂ ಅದೇ ಸ್ಪಷ್ಟತೆ ಬೇಕು. ಅಡಮಾನ, ಜಾಮೀನು, ಅವಧಿಗೆ ಮುನ್ನ ತೀರುವಳಿ, ತಡಪಾವತಿಯ ದಂಡ ಮುಂತಾದ ಮಾತುಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡಿಗರಿಗೆ ಬೇಕಾಗಿದ್ದಾರೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ಸಾಲಪತ್ರಕ್ಕೆ ರುಜು ಹಾಕುವ ಮುನ್ನ, ಕನ್ನಡದ ಮುಖ್ಯಾಂಶಪತ್ರವನ್ನು ಕೇಳಿ ಪಡೆಯಿರಿ. ಅವರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಿರಿ.