ಹಳೆಯ ಫಿಯಟ್ ನಡುದಾರಿಯಲ್ಲಿ ನಿಂತಾಗ: ದೋಷ ಕಾರ್ಬ್ಯುರೇಟರ್‌ನದೇ?

ಘಾಟಿಯ ಏರಿನಲ್ಲಿ ಕಾರು ಎರಡು ಬಾರಿ ಮುಗ್ಗರಿಸುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಕೊನೆಗೆ ನಿಂತೇಬಿಡುತ್ತದೆ. ಅರ್ಧ ಗಂಟೆ ಕಳೆದು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಪ್ರೀಮಿಯರ್ ಪದ್ಮಿನಿಯನ್ನೋ ಅದಕ್ಕೂ ಹಿಂದಿನ ಫಿಯಟ್ 1100 ಕಾರನ್ನೋ ಅಕ್ಕರೆಯಿಂದ ಉಳಿಸಿಕೊಂಡವರಿಗೆ ಈ ತೊಂದರೆ ಅಪರಿಚಿತವಲ್ಲ. ಇಂತಹ ಸಂದರ್ಭದಲ್ಲಿ ಅನೇಕರು ಮೊದಲು ಕೈಹಾಕುವುದು ಕಾರ್ಬ್ಯುರೇಟರ್‌ಗೆ. ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಲಾಗುತ್ತದೆ. ವಾರ ಕಳೆಯುವುದರೊಳಗೆ ಕಾರು ಮತ್ತೊಮ್ಮೆ ನಿಲ್ಲುತ್ತದೆ.

ಪೆಟ್ರೋಲ್ ಸಂಚರಿಸುವ ಹಾದಿಯಲ್ಲಿ ಕಾರ್ಬ್ಯುರೇಟರ್ ಕೊನೆಯ ನಿಲ್ದಾಣ. ಆದುದರಿಂದ ಪರೀಕ್ಷೆಯಲ್ಲಿಯೂ ಅದರ ಸರದಿ ಕೊನೆಯದಾಗಿರಬೇಕು. ಇದು ಕೇವಲ ಶಿಸ್ತಿನ ಮಾತಲ್ಲ. ಎರಕದ ಮೃದು ಲೋಹದಿಂದ ಮಾಡಿದ ಆ ಭಾಗವನ್ನು ಪದೇಪದೇ ಬಿಚ್ಚಿದರೆ ತಿರುಪುಗಳ ಎಳೆ ಸವೆಯುತ್ತದೆ, ಅಂಚುಗಳು ಬಾಗುತ್ತವೆ. ಬಿಡಿಭಾಗಗಳು ಸುಲಭವಾಗಿ ದೊರೆಯದ ಈ ಕಾಲದಲ್ಲಿ ಅದು ತುಂಬಲಾರದ ನಷ್ಟ. ಅದಕ್ಕಿಂತ ಮಿಗಿಲಾಗಿ, ಎಲ್ಲೋ ಸೋರುತ್ತಿರುವ ಪೆಟ್ರೋಲನ್ನು ಗಮನಿಸದೆ ಹೋದರೆ ಬಾನೆಟ್ಟಿನ ಅಡಿಯಲ್ಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಪೆಟ್ರೋಲಿನ ಹಾದಿ

1,089 ಸಿಸಿ ಸಾಮರ್ಥ್ಯದ ಈ ಎಂಜಿನ್‌ಗೆ ಇಂಧನ ಒದಗಿಸುವ ವ್ಯವಸ್ಥೆ ಸರಳವಾದುದು. ಟ್ಯಾಂಕ್ ಹಿಂಭಾಗದಲ್ಲಿದೆ, ಪಂಪ್ ಮುಂದೆ ಎಂಜಿನ್ನಿನ ಪಕ್ಕದಲ್ಲಿದೆ. ಎಂಜಿನ್ ತಿರುಗಿದಂತೆ ಕ್ಯಾಮ್‌ಶಾಫ್ಟ್ ಪಂಪಿನ ಸನ್ನೆಯನ್ನು ತಳ್ಳುತ್ತದೆ. ಆಗ ಡಯಾಫ್ರಮ್ ಎಂಬ ತೆಳುವಾದ ಪೊರೆ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಹೀರಿ ಮುಂದಕ್ಕೆ ನೂಕುತ್ತದೆ. ಇಂತಹ ಪಂಪುಗಳ ಒತ್ತಡ ಚದರ ಇಂಚಿಗೆ ಸುಮಾರು 2ರಿಂದ 4 ಪೌಂಡ್ ಮಾತ್ರ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ನಡೆಯುವುದು ಹೀರುವಿಕೆ. ಪಂಪಿನಿಂದ ಕಾರ್ಬ್ಯುರೇಟರ್‌ವರೆಗಿನ ಪೈಪಿನಲ್ಲಿ ನಡೆಯುವುದು ನೂಕುವಿಕೆ. ಹಿಂದಿನ ಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಹೊರಗೆ ಒಂದು ಹನಿಯೂ ಕಾಣದಿರಬಹುದು. ಎಂಜಿನ್ ಓಡುವಾಗ ಪೆಟ್ರೋಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಕಾರು ಎಳೆಯುವುದಿಲ್ಲ, ಆದರೆ ಸೋರಿಕೆಯ ಕುರುಹೂ ಇರುವುದಿಲ್ಲ. ಮುಂದಿನ ಭಾಗದ ಬಿರುಕು ಇದಕ್ಕೆ ತದ್ವಿರುದ್ಧ. ಅಲ್ಲಿ ಪೆಟ್ರೋಲ್ ನೇರವಾಗಿ ಬಿಸಿ ಎಂಜಿನ್ನಿನ ಮೇಲೆ ಹನಿಯುತ್ತದೆ.

ಮೊದಲು ಕಿಡಿಯ ಪರೀಕ್ಷೆ

ಪೆಟ್ರೋಲನ್ನು ದೂಷಿಸುವ ಮುನ್ನ ಪ್ಲಗ್‌ಗಳಿಗೆ ಕಿಡಿ ಬರುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಬಿಸಿಯಾದಾಗ ಕೈಕೊಡುವ ಕಂಡೆನ್ಸರ್ ಅಥವಾ ಕಾಯಿಲ್ ಕೂಡ ಇಂಧನದ ಕೊರತೆಯಂತೆಯೇ ವರ್ತಿಸುತ್ತದೆ. ತಣ್ಣಗಾದ ಮೇಲೆ ಸರಿಹೋಗುತ್ತದೆ. ಸಾಮಾನ್ಯವಾಗಿ ಕಿಡಿಯ ದೋಷವಿದ್ದರೆ ಎಂಜಿನ್ ಥಟ್ಟನೆ ನಿಲ್ಲುತ್ತದೆ. ಪೆಟ್ರೋಲ್ ಸಾಲದಿದ್ದರೆ ತಡವರಿಸಿ, ಶಕ್ತಿಗುಂದಿ ನಿಲ್ಲುತ್ತದೆ.

ಕಾರು ನಿಂತ ಕೂಡಲೇ ಮಾಡಬಹುದಾದ ಸುಲಭದ ಪರೀಕ್ಷೆಯೊಂದಿದೆ. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಆಕ್ಸಿಲರೇಟರ್ ಸನ್ನೆಯನ್ನು ಕೈಯಿಂದ ಒಮ್ಮೆ ಎಳೆದು ಕಾರ್ಬ್ಯುರೇಟರ್‌ನ ಕಂಠದೊಳಗೆ ನೋಡಬೇಕು. ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿದರೆ ಬಟ್ಟಲಿನಲ್ಲಿ ಇಂಧನವಿದೆ ಎಂದರ್ಥ. ಚಿಮ್ಮದಿದ್ದರೆ ಹಿಂದಿನಿಂದ ಪೆಟ್ರೋಲ್ ಬರುತ್ತಿಲ್ಲವೆಂಬ ಸಂಶಯ ಬಲವಾಗುತ್ತದೆ.

ಟ್ಯಾಂಕಿನಿಂದ ಆರಂಭ

ಹಳೆಯ ಕಾರಿನ ಪೆಟ್ರೋಲ್ ಮುಳ್ಳನ್ನು ಪೂರ್ತಿಯಾಗಿ ನಂಬಲಾಗದು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂಬುದೇ ಮೊದಲ ಪ್ರಶ್ನೆ. ಇದ್ದರೆ, ಎರಡನೆಯದು ಮುಚ್ಚಳ. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದ ಅಥವಾ ಟ್ಯಾಂಕಿನ ಗಾಳಿರಂಧ್ರ ಧೂಳಿನಿಂದ ಮುಚ್ಚಿಹೋದರೆ ಒಳಗೆ ನಿರ್ವಾತ ಉಂಟಾಗಿ ಪಂಪ್ ಸೋಲುತ್ತದೆ. ಕಾರು ನಿಂತಾಗ ಮುಚ್ಚಳ ಸಡಿಲಿಸಿದರೆ ‘ಬುಸ್’ ಎಂದು ಗಾಳಿ ಒಳನುಗ್ಗಿ, ಆನಂತರ ಎಂಜಿನ್ ಸರಾಗವಾಗಿ ಓಡಿದರೆ ದೋಷ ಅಲ್ಲಿಯೇ ಇದೆ. ಅದರ ಪರಿಹಾರಕ್ಕೆ ಒಂದು ರೂಪಾಯಿಯೂ ಬೇಕಾಗದಿರಬಹುದು.

ಮೂರನೆಯದು ತುಕ್ಕು. ತಿಂಗಳುಗಟ್ಟಲೆ ನಿಂತ ಕಾರಿನ ಅರೆಬರೆ ತುಂಬಿದ ಟ್ಯಾಂಕಿನಲ್ಲಿ ತೇವ ಸೇರಿ ತುಕ್ಕು ಬೆಳೆಯುತ್ತದೆ. ಮಳೆಗಾಲದ ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ಇನ್ನೂ ಬೇಗ. ತುಕ್ಕಿನ ಪುಡಿ ಹೀರುಕೊಳವೆಯ ಬಾಯಿಯ ಜರಡಿಗೆ ಅಂಟಿಕೊಳ್ಳುತ್ತದೆ. ನಿಧಾನಗತಿಯಲ್ಲಿ ಸರಿಯಾಗಿಯೇ ಓಡುವ ಕಾರು ವೇಗ ಹೆಚ್ಚಿಸಿದಾಗ ಸೊರಗುತ್ತದೆ. ಪೈಪಿಗೆ ಹಿಂದಕ್ಕೆ ಗಾಳಿ ಊದಿದರೆ ಸ್ವಲ್ಪ ದೂರ ಚೆನ್ನಾಗಿ ಓಡಿ ಮತ್ತೆ ಸೊರಗಿದರೆ, ಟ್ಯಾಂಕನ್ನು ಇಳಿಸಿ ಶುಚಿಗೊಳಿಸದೆ ಬೇರೆ ದಾರಿಯಿಲ್ಲ. ಕೇವಲ ಫಿಲ್ಟರ್ ಬದಲಿಸಿದರೆ ರೋಗ ಹಾಗೆಯೇ ಉಳಿಯುತ್ತದೆ.

ಪಂಪಿನ ಪರೀಕ್ಷೆ

ಈ ಪರೀಕ್ಷೆಯನ್ನು ಎಂಜಿನ್ ಪೂರ್ಣವಾಗಿ ತಣ್ಣಗಾದ ಮೇಲೆ, ಬಯಲಿನಲ್ಲಿಯೇ ಮಾಡಬೇಕು. ಕಾಯಿಲ್‌ಗೆ ವಿದ್ಯುತ್ ಬರುವ ತಂತಿಯನ್ನು ಕಳಚಿ ಕಿಡಿ ಹುಟ್ಟದಂತೆ ಮಾಡಬೇಕು. ಅನಂತರ ಕಾರ್ಬ್ಯುರೇಟರ್ ಬಳಿ ಪೈಪ್ ಬಿಡಿಸಿ, ಅದರ ತುದಿಯನ್ನು ಗಾಜಿನ ಸೀಸೆಯೊಳಗೆ ಇಳಿಬಿಟ್ಟು, ಮತ್ತೊಬ್ಬರಿಂದ ಸ್ಟಾರ್ಟರ್ ತಿರುಗಿಸಬೇಕು. ಪೆಟ್ರೋಲ್ ಬಿಟ್ಟು ಬಿಟ್ಟು ಬಲವಾಗಿ ಚಿಮ್ಮಿದರೆ ಪಂಪ್ ಆರೋಗ್ಯವಾಗಿದೆ. ಧಾರೆಯಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಹೀರುವ ಭಾಗದಲ್ಲಿ ಗಾಳಿ ಸೇರುತ್ತಿದೆ. ಟ್ಯಾಂಕಿನ ಬಳಿಯ ಮತ್ತು ಪಂಪಿನ ಬಳಿಯ ರಬ್ಬರ್ ಪೈಪುಗಳನ್ನೂ ಕ್ಲಿಪ್ಪುಗಳನ್ನೂ ನೋಡಬೇಕು. ಏನೂ ಬಾರದಿದ್ದರೆ ಹೀರುವ ಪೈಪ್ ಕಟ್ಟಿದೆ, ಇಲ್ಲವೇ ಪಂಪ್ ಕೆಟ್ಟಿದೆ.

ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಬಹುದು. ಆಯಿಲ್ ಕಡ್ಡಿಯನ್ನು ಎಳೆದು ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ, ಮಟ್ಟ ಏರಿದ್ದರೆ, ಅಂತಹ ಕಾರನ್ನು ಓಡಿಸಲೇಬಾರದು. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ಹಾಳುಮಾಡುತ್ತದೆ. ಡಯಾಫ್ರಮ್ ಜೊತೆಗೆ ಆಯಿಲನ್ನೂ ಬದಲಿಸಬೇಕು.

ಬಿಸಿಲು ಮತ್ತು ಘಾಟಿ

ಮೇಲಿನ ಎಲ್ಲವೂ ಸರಿಯಿದ್ದು, ಬೇಸಿಗೆಯ ಏರುದಾರಿಯಲ್ಲಿ ಮಾತ್ರ ಕಾರು ನಿಲ್ಲುತ್ತಿದ್ದರೆ ಅದು ಆವಿಯ ತಡೆ ಇರಬಹುದು. ಮೆಕ್ಯಾನಿಕ್‌ಗಳು ಇದನ್ನು ‘ವೇಪರ್ ಲಾಕ್’ ಎನ್ನುತ್ತಾರೆ. ಎಂಜಿನ್ನಿನ ಶಾಖಕ್ಕೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ದ್ರವವನ್ನು ನೂಕಬಲ್ಲ ಪಂಪ್ ಆವಿಯನ್ನು ನೂಕಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ತಾತ್ಕಾಲಿಕ ಉಪಾಯ. ಪೈಪನ್ನು ಸೈಲೆನ್ಸರ್ ಪೈಪಿನಿಂದ ದೂರ ಸರಿಸುವುದು, ಎಂಜಿನ್ ಮತ್ತು ಪಂಪಿನ ನಡುವೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇರುವಂತೆ ನೋಡಿಕೊಳ್ಳುವುದು ಶಾಶ್ವತ ಉಪಾಯ.

ಕೊನೆಯಲ್ಲಿ ಕಾರ್ಬ್ಯುರೇಟರ್

ಪೆಟ್ರೋಲ್ ಇಲ್ಲಿಯವರೆಗೆ ಸರಿಯಾಗಿ ಬರುತ್ತಿದ್ದರೆ ಮಾತ್ರ ಕಾರ್ಬ್ಯುರೇಟರ್ ಬಿಚ್ಚುವುದು ನ್ಯಾಯ. ಆಗಲೂ ಲಕ್ಷಣಗಳೇ ಜಾಗವನ್ನು ತೋರಿಸುತ್ತವೆ. ನಿಂತಲ್ಲಿ ಎಂಜಿನ್ ಆರಿಹೋಗಿ, ಓಡುವಾಗ ಸರಿಯಿದ್ದರೆ ಸ್ಲೋ ಜೆಟ್ ಕಟ್ಟಿರಬಹುದು. ನಿಂತಲ್ಲಿ ಸರಿಯಿದ್ದು, ವೇಗದಲ್ಲಿ ಸೊರಗಿದರೆ ಮೇನ್ ಜೆಟ್. ಕಪ್ಪು ಹೊಗೆ, ಪೆಟ್ರೋಲಿನ ಗಾಢ ವಾಸನೆ ಇದ್ದರೆ ನೀಡಲ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ ಅಥವಾ ಫ್ಲೋಟ್ ತೂತಾಗಿದೆ. ಜೆಟ್‌ಗಳನ್ನು ಗಾಳಿಯಿಂದ ಊದಿ ಶುಚಿಗೊಳಿಸಬೇಕೇ ಹೊರತು ತಂತಿ ತೂರಿಸಬಾರದು. ರಂಧ್ರ ಹಿಗ್ಗಿದರೆ ಪೆಟ್ರೋಲಿನ ಅಳತೆಯೇ ಕೆಡುತ್ತದೆ.

ಎಥೆನಾಲ್ ತಂದ ಹೊಸ ಸವಾಲು

ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರಲ್ಲಿ ದೇಶವು ಈ ಪ್ರಮಾಣದ ಮಿಶ್ರಣದ ಗುರಿಯನ್ನು ತಲುಪಿತು. ಪದ್ಮಿನಿಯಂತಹ ಕಾರುಗಳು ತಯಾರಾದದ್ದು ಇಂತಹ ಇಂಧನಕ್ಕಾಗಿ ಅಲ್ಲ. ಎಥೆನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಕದಡಿ ಮುಂದಕ್ಕೆ ಸಾಗಿಸುತ್ತದೆ. ಶುದ್ಧ ಪೆಟ್ರೋಲಿನ ಒಂದು ಭಾಗ ಉರಿಯಲು ಸುಮಾರು 14.7 ಭಾಗ ಗಾಳಿ ಬೇಕಾದರೆ ಎಥೆನಾಲ್‌ಗೆ ಸುಮಾರು 9 ಭಾಗ ಸಾಕು. ಆದುದರಿಂದ ಹಳೆಯ ಜೆಟ್‌ಗಳ ಅಳತೆಯಲ್ಲಿ ಮಿಶ್ರಣ ತೆಳುವಾಗಿ, ಎಂಜಿನ್ ತಡವರಿಸುವುದುಂಟು.

ಹೀಗಾಗಿ ಹಳೆಯ ರಬ್ಬರ್ ಪೈಪುಗಳನ್ನು ಬಿರುಕು ಕಾಣುವವರೆಗೆ ಕಾಯದೆ ಬದಲಿಸುವುದು ಕ್ಷೇಮ. ಎಥೆನಾಲ್ ತಾಳಬಲ್ಲ, ‘ಎಸ್‌ಎಇ ಜೆ30 ಆರ್9’ ಎಂದು ಮುದ್ರಿತವಾದ ಪೈಪನ್ನು ಕೇಳಿ ಪಡೆಯಬೇಕು. ಡಯಾಫ್ರಮ್ ಕೊಳ್ಳುವಾಗಲೂ ಅದು ಎಥೆನಾಲ್ ತಾಳುವುದೇ ಎಂದು ವಿಚಾರಿಸಬೇಕು. ಅಪರೂಪಕ್ಕೆ ಓಡುವ ಕಾರಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡಬಾರದು.

ಮೂಲ ಪಂಪಿಗೆ ಬದಲಾಗಿ ವಿದ್ಯುತ್ ಪಂಪ್ ಅಳವಡಿಸುವವರು ಹೆಚ್ಚಿನ ಎಚ್ಚರ ವಹಿಸಬೇಕು. ಇಂಜೆಕ್ಷನ್ ಕಾರುಗಳ ಪಂಪಿನ ಒತ್ತಡ ಚದರ ಇಂಚಿಗೆ 40 ಪೌಂಡ್ ದಾಟುತ್ತದೆ. ಅದರ ಮುಂದೆ ನೀಡಲ್ ವಾಲ್ವ್ ನಿಲ್ಲದೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಕಾರ್ಬ್ಯುರೇಟರ್‌ಗೆ ಹೊಂದುವ ಕಡಿಮೆ ಒತ್ತಡದ ಪಂಪನ್ನೇ ಬಳಸಿ, ಎಂಜಿನ್ ನಿಂತರೆ ತಾನೂ ನಿಲ್ಲುವಂತೆ ಸ್ವಿಚ್ ಅಳವಡಿಸಬೇಕು. ಇಲ್ಲವಾದರೆ ಅಪಘಾತವಾದಾಗಲೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇಂತಹ ಕಾರುಗಳಲ್ಲಿ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಕೈಗೆಟುಕುವಂತಿರುವುದು, ಪ್ರಯಾಣಕ್ಕೆ ಮುನ್ನ ಒಮ್ಮೆ ಬಾನೆಟ್ ಎತ್ತಿ ಮೂಸಿ ನೋಡುವುದು ಯಾವ ಬಿಡಿಭಾಗಕ್ಕಿಂತಲೂ ಮುಖ್ಯ. ಪೆಟ್ರೋಲಿನ ವಾಸನೆ ಬಂದರೆ, ಮೂಲ ಸಿಗುವವರೆಗೆ ಕೀಲಿ ತಿರುಗಿಸಬಾರದು.