ಎಂಜಿನಿನ ಜ್ವರವೂ ಅದರ ಚಿಕಿತ್ಸೆಯೂ



ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಮೋಟಾರು ಎಂಜಿನಿನ ಮಾತೇಕೆಂದು ನಿಮ್ಮಲ್ಲಿ ಕೆಲವರು ಆಶ್ಚರ್ಯಪಡಬಹುದು. ಆದರೆ ನಮ್ಮಲ್ಲಿ ಕಲಿತುಹೋದವರಲ್ಲಿ ಎಷ್ಟೋ ಮಂದಿ ಇಂದು ತಾವೇ ಕಾರು ನಡಿಸುತ್ತಾರೆ. ಹೆತ್ತವರು ದಿನವೂ ಮಕ್ಕಳನ್ನು ವಾಹನಗಳಲ್ಲಿ ಕಳುಹಿಸುತ್ತಾರೆ. ಅದಲ್ಲದೆ ಈ ಪಾಠವನ್ನು ನಾವು ನಷ್ಟಪಟ್ಟು ಕಲಿತೆವು. ನಿಮಗೆ ಅದು ನಷ್ಟವಿಲ್ಲದೆ ದೊರೆಯಲೆಂಬುದೇ ನಮ್ಮ ಉದ್ದೇಶ.

2023ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ನಾವು ಹತ್ತನೆಯ ತರಗತಿಯ 28 ಮಂದಿ ಹುಡುಗಿಯರೊಡನೆ ಸುಳ್ಯದಿಂದ ಮಡಿಕೇರಿಗೆ ಹೊರಟಿದ್ದೆವು. ಸಂಪಾಜೆ ದಾಟಿ ಘಟ್ಟ ಹತ್ತುತ್ತಿದ್ದಾಗ ಚಾಲಕನು, "ಮುಳ್ಳು ಕೆಂಪಿಗೆ ಬಂತು ಟೀಚರೇ, ನಿಲ್ಲಿಸಲೇ?" ಎಂದು ಕೇಳಿದನು. "ಇನ್ನು ಸ್ವಲ್ಪವೇ ದೂರವಲ್ಲವೆ? ಮೆಲ್ಲನೆ ಹೋಗೋಣ" ಎಂದೆವು. ತಪ್ಪು ನಮ್ಮದೇ. ತುಸು ದೂರ ಹೋಗುವಷ್ಟರಲ್ಲಿ ಮುಂಭಾಗದಿಂದ ಹಬೆಯೆದ್ದಿತು. ಸಹಾಯಕ ಹುಡುಗನು ಬಟ್ಟೆ ಹಿಡಿದುಕೊಂಡು ರೇಡಿಯೇಟರಿನ ಮುಚ್ಚಳ ತೆಗೆಯಲು ಓಡಿದನು. ಚಾಲಕನು ಅವನ ಕೈಯನ್ನು ಹಿಡಿದು ಹಿಂದಕ್ಕೆಳೆಯದೆ ಇದ್ದಿದ್ದರೆ ಆ ದಿನ ಏನಾಗುತ್ತಿತ್ತೆಂದು ನೆನೆಯಲು ಈಗಲೂ ಭಯವಾಗುತ್ತದೆ.

ಯಾಕಂದರೆ ಬಯಲಲ್ಲಿಟ್ಟ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ; ರೇಡಿಯೇಟರಿನ ಬಿಗಿ ಮುಚ್ಚಳದ ಒತ್ತಡದಲ್ಲಾದರೋ ಅದು ಸುಮಾರು 120 ಡಿಗ್ರಿಯ ತನಕ ಕುದಿಯದೆ ತಡೆದುಕೊಳ್ಳುತ್ತದೆ. ಮುಚ್ಚಳ ತೆರೆದೊಡನೆ ಒತ್ತಡವು ತಪ್ಪಿ, ಆ ನೀರೆಲ್ಲವೂ ಒಮ್ಮೆಗೇ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ಆದುದರಿಂದ ಮುಳ್ಳು ಏರಿದರೆ ತಂಪುಗಾಳಿಯ ಯಂತ್ರವನ್ನು ನಿಲ್ಲಿಸಿ, ಹೀಟರಿದ್ದರೆ ಅದನ್ನು ಪೂರ್ಣವಾಗಿ ತೆರೆದು, ಕ್ಷೇಮವಾದ ಮೊದಲನೆಯ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿ ಎಂಜಿನನ್ನು ಆರಿಸಬೇಕು. ಅದು ಚೆನ್ನಾಗಿ ತಣಿಯುವ ತನಕ ಮುಚ್ಚಳವನ್ನು ಮುಟ್ಟಬಾರದು. ಕಾದ ಎಂಜಿನಿಗೆ ತಣ್ಣೀರನ್ನು ಸುರಿದರೆ ಲೋಹವು ಬಿರಿಯಲೂಬಹುದು.

ಇನ್ನು ಒಳಗೆ ಆಗುವ ಹಾನಿಯನ್ನು ನೋಡೋಣ. ಎಂಜಿನಿನ ಕೆಳಭಾಗವಾದ ಬ್ಲಾಕಿನಲ್ಲಿ ಪಿಸ್ಟನುಗಳು ಆಡುತ್ತವೆ; ಅದರ ಮೇಲೆ ಹೆಡ್ಡು ಕೂತಿರುತ್ತದೆ. ಇವೆರಡರ ನಡುವೆ ಇರುವ ತೆಳ್ಳನೆಯ ಹಾಳೆಯೇ ಹೆಡ್ ಗ್ಯಾಸ್ಕೆಟ್. ಬೆಂಕಿಯ ಅನಿಲ, ಎಣ್ಣೆ, ತಂಪುನೀರು ಈ ಮೂರೂ ಒಂದರ ದಾರಿಗೆ ಇನ್ನೊಂದು ಹೋಗದಂತೆ ಅದು ಕಾಯುತ್ತದೆ. ಅನೇಕ ಎಂಜಿನುಗಳಲ್ಲಿ ಹೆಡ್ಡು ಅಲ್ಯುಮಿನಿಯಮಿನದು, ಬ್ಲಾಕು ಬೀಡುಕಬ್ಬಿಣದ್ದು. ಅಲ್ಯುಮಿನಿಯಮ್ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಾಲು ಹಿಗ್ಗುವುದರಿಂದ ಅತಿತಾಪದಲ್ಲಿ ಹೆಡ್ಡು ಬಾಗುತ್ತದೆ, ಗ್ಯಾಸ್ಕೆಟಿನ ಹಿಡಿತ ತಪ್ಪುತ್ತದೆ. ಆ ಮೇಲೆ ಬೆಂಕಿಯ ಅನಿಲವೇ ನೀರಿಗೆ ನುಗ್ಗಿ ತಾಪವನ್ನು ಮತ್ತಷ್ಟು ಹೆಚ್ಚಿಸುತ್ತದೆ.

ಗ್ಯಾಸ್ಕೆಟ್ ಕೆಟ್ಟುದಕ್ಕೆ ಗುರುತುಗಳೇನು? ಹೊರಗೆ ಎಲ್ಲೂ ಸೋರದೆ ನೀರು ದಿನದಿನಕ್ಕೆ ಇಳಿಯುವುದು; ಎಂಜಿನು ಬಿಸಿಯಾದ ಮೇಲೆಯೂ ಸಿಹಿವಾಸನೆಯ ಬಿಳಿಹೊಗೆ ನಿಲ್ಲದಿರುವುದು; ಅಳತೆಕಡ್ಡಿಗೆ ಹತ್ತಿದ ಎಣ್ಣೆಯು ಹಾಲು ಬೆರೆತ ಕಾಫಿಯಂತೆ ಕಾಣುವುದು; ತಣ್ಣಗಿದ್ದ ಎಂಜಿನನ್ನು ಹೊರಡಿಸಿದ ಸ್ವಲ್ಪದರಲ್ಲೇ ನೀರಿನ ಪೈಪು ಕಲ್ಲಿನಂತೆ ಬಿಗಿಯುವುದು. ಆದರೆ ಚಳಿಗಾಲದ ಮುಂಜಾನೆ ತುಸು ಬಿಳಿಹೊಗೆ ಬಂದು ಮಾಯವಾದರೆ, ಅಥವಾ ಹತ್ತಿರದ ಓಡಾಟ ಮಾತ್ರವಿರುವ ಕಾರಿನ ಎಣ್ಣೆ ಮುಚ್ಚಳದ ಅಡಿಯಲ್ಲಿ ಸ್ವಲ್ಪ ನೊರೆ ಕಂಡರೆ ಹೆದರಬೇಕಾಗಿಲ್ಲ. ಅದು ತೇವದಿಂದಲೂ ಆಗುವುದುಂಟು. ನಿಶ್ಚಯಕ್ಕೆ ಪರೀಕ್ಷೆಗಳಿವೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸಿದರೆ, ಅದರಲ್ಲಿ ಬೆಂಕಿಯ ಅನಿಲವಿದ್ದಲ್ಲಿ ದ್ರವವು ಹಸುರಿಗೋ ಹಳದಿಗೋ ತಿರುಗುತ್ತದೆ. ಸಿಲಿಂಡರುಗಳ ಒತ್ತಡವನ್ನು ಅಳೆದಾಗ ಅಕ್ಕಪಕ್ಕದ ಎರಡರಲ್ಲಿ ಅದು ಕಡಿಮೆಯಾಗಿದ್ದರೆ, ನಡುವಣ ಗ್ಯಾಸ್ಕೆಟನ್ನು ಶಂಕಿಸಬೇಕು.

ನಮ್ಮ ಬಸ್ಸಿಗೆ ಒಂದು ಗ್ಯಾರೇಜಿನಲ್ಲಿ ಹೊಸ ಗ್ಯಾಸ್ಕೆಟ್ ಹಾಕಿಸಿದೆವು, ಹಣ ತೆತ್ತೆವು. ಮೂರನೆಯ ತಿಂಗಳಲ್ಲೇ ಅದೇ ರೋಗವು ಮರುಕಳಿಸಿತು. ಆಗ ಬೇರೊಬ್ಬ ಹಿರಿಯ ಮೆಕ್ಯಾನಿಕರು ಹೇಳಿದ ಮಾತು ಇದು: "ಜ್ವರ ಯಾಕೆ ಬಂತೆಂದು ಯಾರೂ ಕೇಳಲಿಲ್ಲ ಟೀಚರೇ." ಅವರು ಬಿಚ್ಚಿ ನೋಡಲಾಗಿ, ವರ್ಷಾನುಗಟ್ಟಲೆ ಬರಿಯ ಬಾವಿನೀರು ಹಾಕುತ್ತಿದ್ದುದರಿಂದ ರೇಡಿಯೇಟರಿನ ನಾಳಗಳಲ್ಲಿ ತುಕ್ಕಿನ ಕೆಸರು ಕಟ್ಟಿತ್ತು. ಹೆಡ್ಡು ಬಾಗಿದ್ದುದನ್ನು ಮೊದಲನೆಯವರು ಅಳೆದೇ ಇರಲಿಲ್ಲ. ಗ್ಯಾಸ್ಕೆಟ್ ಅಪರಾಧಿಯಲ್ಲ, ಪೆಟ್ಟು ತಿಂದ ಬಡಪಾಯಿ.

ಆದಕಾರಣ ಮೊದಲು ಕಾರಣವನ್ನು ಹುಡುಕಿಸಿರಿ. ಪೇಟೆಯಲ್ಲಿ ನಿಂತು ನಿಂತು ಹೋಗುವಾಗ ಕಾದು, ಹೆದ್ದಾರಿಯಲ್ಲಿ ತಣಿಯುವುದಾದರೆ ಫ್ಯಾನನ್ನು ನೋಡಬೇಕು. ಏರಿನಲ್ಲಿಯೂ ವೇಗದಲ್ಲಿಯೂ ಕಾಯುವುದಾದರೆ ರೇಡಿಯೇಟರು ಕಟ್ಟಿರಬಹುದು. ನೀರಿನ ಪಂಪು, ಬೆಲ್ಟು, ಸಡಿಲ ಮುಚ್ಚಳ, ತೆರೆಯದೆ ಸಿಕ್ಕಿಕೊಂಡ ಥರ್ಮಾಸ್ಟಾಟ್ ಇವುಗಳನ್ನೂ ಪರೀಕ್ಷಿಸಬೇಕು.

ದುರಸ್ತಿಗೆ ಕೊಟ್ಟಾಗ ಈ ಪ್ರಶ್ನೆಗಳನ್ನು ನಾಚದೆ ಕೇಳಿರಿ. ಎಂಜಿನು ಪೂರ್ಣ ತಣಿದ ಮೇಲೆಯೇ ಹೆಡ್ಡನ್ನು ಬಿಚ್ಚಿದರೆ? ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು ಅದರ ಬಾಗನ್ನು ಅಳೆದರೆ? ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಬಾಗಿದರೂ ಹೆಚ್ಚೇ. ಸರಿಯಾದ ಮಿತಿಯು ತಯಾರಕರ ಪುಸ್ತಕದಲ್ಲಿರುತ್ತದೆ. ಬಿರುಕಿದೆಯೇ ಎಂದು ಒತ್ತಡ ಕೊಟ್ಟು ನೋಡಿದರೆ? ಒಮ್ಮೆ ಬಿಗಿದರೆ ಎಳೆದುಹೋಗುವ ಜಾತಿಯ ಬೋಲ್ಟುಗಳಾದರೆ ಹೊಸವನ್ನೇ ಹಾಕಿದರೆ? ಪುಸ್ತಕದ ಕ್ರಮದಂತೆ, ಸಾಧಾರಣವಾಗಿ ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಿಂದ ಹಂತಹಂತವಾಗಿ ಬಿಗಿದರೆ? ನೀರು ಬೆರೆತ ಎಣ್ಣೆಯನ್ನು ಚೆಲ್ಲಿ ಹೊಸ ಎಣ್ಣೆಯನ್ನು ತುಂಬಿದರೆ? ಕಡೆಗೆ ನೀರಿನ ದಾರಿಯಲ್ಲಿ ಸಿಕ್ಕಿದ ಗಾಳಿಯನ್ನು ಹೊರಡಿಸಿದರೆ?

ಮುಂದೆ ಬರಿನೀರನ್ನಲ್ಲ, ತಯಾರಕರು ಹೇಳಿದ ಪ್ರಮಾಣದಲ್ಲಿ ಶುದ್ಧನೀರು ಬೆರೆಸಿದ ಕೂಲೆಂಟನ್ನೇ ಹಾಕಿಸಿರಿ. ಸಾಧಾರಣವಾಗಿ ಅದರಲ್ಲಿರುವ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟಕದಂತೆ ಇಡತಕ್ಕದ್ದು.

ಆ ಸಾಯಂಕಾಲ ಬೇರೆ ವಾಹನವು ಬರುವ ತನಕ ಹುಡುಗಿಯರು ರಸ್ತೆಯ ಬದಿಯಲ್ಲಿ ಕುಳಿತು ಹಾಡುತ್ತಿದ್ದರು. ನಾವು ಮಾತ್ರ ಅವರ ಮುಖವನ್ನು ನೋಡಲಾರದೆ ನಿಂತಿದ್ದೆವು. "ನಿಲ್ಲಿಸಲೇ?" ಎಂದು ತಿಳಿದವನು ಕೇಳುವಾಗ "ನಿಲ್ಲಿಸು" ಎನ್ನುವುದಕ್ಕೆ ವಿದ್ಯೆ ಬೇಡ, ತಾಳ್ಮೆಯೊಂದು ಸಾಕು. ಅದು ನಮಗೆ ಆ ದಿನ ಇರಲಿಲ್ಲ. ನಿಮಗಿರಲೆಂದು ಹಾರೈಸುತ್ತೇವೆ.