ಕ್ಷುದ್ರಗ್ರಹ ಬರುತ್ತಿದೆ ಎಂದು ಬರೆಯುವ ಮುನ್ನ

1998ರ ಮಾರ್ಚ್‌ನಲ್ಲಿ ಜಗತ್ತಿನ ಅನೇಕ ಪತ್ರಿಕೆಗಳು ಒಂದು ಭಯದ ಸುದ್ದಿಯನ್ನು ಪ್ರಕಟಿಸಿದವು. ಒಂದು ಕಿಲೋಮೀಟರಿಗೂ ಹೆಚ್ಚು ಅಗಲದ '1997 ಎಕ್ಸ್‌ಎಫ್11' ಎಂಬ ಕ್ಷುದ್ರಗ್ರಹ 2028ರಲ್ಲಿ ಚಂದ್ರನಿಗಿಂತಲೂ ಸಮೀಪದಲ್ಲಿ ಹಾದುಹೋಗಲಿದೆ, ಡಿಕ್ಕಿ ಹೊಡೆದರೂ ಹೊಡೆದೀತು ಎಂಬುದೇ ಆ ಸುದ್ದಿ. ಮರುದಿನವೇ 1990ರ ಹಳೆಯ ಛಾಯಾಚಿತ್ರಗಳಲ್ಲಿ ಅದೇ ಕಾಯ ಪತ್ತೆಯಾಯಿತು. ಹೊಸದಾಗಿ ಲೆಕ್ಕ ಹಾಕಿದಾಗ ದೂರ 9 ಲಕ್ಷ ಕಿಲೋಮೀಟರಿಗೂ ಹೆಚ್ಚೆಂದು ತಿಳಿಯಿತು.

ತಪ್ಪು ಪತ್ರಕರ್ತರದೇ? ಪೂರ್ತಿಯಾಗಿ ಅಲ್ಲ. ಡಿಕ್ಕಿಯ ಸಂಭವ ಅಲ್ಪ, ಆದರೆ ಇಲ್ಲವೇ ಇಲ್ಲ ಎನ್ನಲಾಗದು ಎಂಬಂತೆ ಖಗೋಳ ವಿಜ್ಞಾನಿಗಳ ಪ್ರಕಟಣೆಯಿತ್ತು. ಎಷ್ಟು ಅಲ್ಪ? ಹತ್ತಕ್ಕೊಂದೆ, ಕೋಟಿಗೊಂದೆ? ಅದನ್ನು ಹೇಳದೆ ಶೀರ್ಷಿಕೆಯನ್ನು ದೂರಿ ಫಲವೇನು?

ಇಂಥ ಗೊಂದಲಕ್ಕೆ ಪರಿಹಾರವಾಗಿ 1999ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ 'ಟೊರಿನೊ ಮಾಪಕ'ವನ್ನು ಅಂಗೀಕರಿಸಲಾಯಿತು. ಅಮೆರಿಕದ ರಿಚರ್ಡ್ ಬಿನ್‌ಜೆಲ್ ರೂಪಿಸಿದ ಈ ಮಾಪಕದಲ್ಲಿ ಸೊನ್ನೆಯಿಂದ 10ರವರೆಗೆ ಅಂಕಗಳಿವೆ. ಸೊನ್ನೆ ಎಂದರೆ ಭಯವಿಲ್ಲ. 10 ಎಂದರೆ ಭೂಮಿಗೆಲ್ಲ ವಿಪತ್ತು ತರುವ ಖಚಿತ ಡಿಕ್ಕಿ. ಸಂಭವ ಮತ್ತು ಹೊಡೆತದ ಶಕ್ತಿ ಎರಡನ್ನೂ ಸೇರಿಸಿ ಅಂಕ ಕೊಡುತ್ತಾರೆ. ಮಾಪಕದ ಮಾತುಗಳೇ ಜನರನ್ನು ಹೆದರಿಸಬಾರದೆಂದು 2005ರಲ್ಲಿ ಅದರ ವಿವರಣೆಯನ್ನೂ ತಿದ್ದಲಾಯಿತು.

ಆದರೂ ಒಂದು ತೊಡಕು ಉಳಿದಿದೆ. '2024 ವೈಆರ್4' ಎಂಬ ಕಾಯ 2032ರಲ್ಲಿ ಡಿಕ್ಕಿ ಹೊಡೆಯುವ ಸಂಭವ 2025ರ ಫೆಬ್ರುವರಿಯಲ್ಲಿ ಏರುತ್ತ ಏರುತ್ತ ಶೇಕಡ 3.1 ಮುಟ್ಟಿ, ಒಂದೇ ವಾರದಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಏಕೆ ಹೀಗೆ? ದಾರ ಕಿತ್ತುಹೋದ ಗಾಳಿಪಟವನ್ನು ನೆನೆಯಿರಿ. ಅದು ಊರಿನ ನೂರು ಮನೆಗಳಲ್ಲಿ ಯಾವುದರ ಮೇಲಾದರೂ ಬೀಳಬಹುದು. ನಮ್ಮ ಮನೆಯ ಪಾಲು ನೂರಕ್ಕೊಂದು. ಕೆಳಗಿಳಿದಂತೆ, ನಮ್ಮ ಬೀದಿಯ ಇಪ್ಪತ್ತು ಮನೆಗಳಲ್ಲೊಂದು ಎಂದು ಗೊತ್ತಾಗುತ್ತದೆ. ಈಗ ನಮ್ಮ ಪಾಲು ಇಪ್ಪತ್ತಕ್ಕೊಂದು! ಕೊನೆಗೆ ಅದು ಪಕ್ಕದ ಮನೆಯ ಹೆಂಚಿನ ಮೇಲೆ ಬಿದ್ದರೆ ನಮ್ಮ ಪಾಲು ಸೊನ್ನೆ. ಗಾಳಿಪಟ ನಮ್ಮತ್ತ ತಿರುಗಲಿಲ್ಲ. ನಮ್ಮ ತಿಳಿವಳಿಕೆ ಮಾತ್ರ ನಿಖರವಾಯಿತು. 'ಅಪಾಯ ಹೆಚ್ಚಿತು' ಎಂದು ನಿತ್ಯ ಬರೆಯುವ ವರದಿಗಾರ ಈ ಒಂದು ಸಂಗತಿಯನ್ನು ಜೊತೆಗೆ ಬರೆದರೆ ಸಾಕು. ಕಾಯವನ್ನು ಎಷ್ಟು ದಿನ ವೀಕ್ಷಿಸಲಾಗಿದೆ ಎಂದೂ ಕೇಳಬೇಕು.

ಈವರೆಗೆ ಈ ಮಾಪಕದಲ್ಲಿ ಅತಿ ಹೆಚ್ಚು, ಅಂದರೆ 4 ಅಂಕ ಪಡೆದದ್ದು 2004ರಲ್ಲಿ ಪತ್ತೆಯಾದ ಅಪೋಫಿಸ್. ಅದು 2029ರ ಏಪ್ರಿಲ್ 13ರಂದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಕನಿಷ್ಠ 100 ವರ್ಷ ಅದು ಭೂಮಿಗೆ ತಾಗದೆಂದು 2021ರ ರೇಡಾರ್ ವೀಕ್ಷಣೆಗಳು ತೋರಿಸಿವೆ.